ತಕ್ಕಡಿಯಲ್ಲಿ ಅಣು ಎಣಿಸುವುದು ಹೇಗೆ? ಮೋಲ್ ಲೆಕ್ಕ ಬುಡದಿಂದ

ಮೈಸೂರಿನಲ್ಲಿ ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಮಾಡಿಸಿದಾಗ 126 ಬಂದಿತ್ತು. ಮಗಳ ಮನೆಗೆ ಅಂತ ಲಂಡನ್ನಿಗೆ ಹೋದ ಮೇಲೆ ಅಲ್ಲಿ ಮಾಡಿಸಿದರೆ ರಿಪೋರ್ಟಿನಲ್ಲಿ 7 ಅಂತ ಇದೆ. ಹೀಗಾದಾಗ ಎಷ್ಟೋ ಹಿರಿಯರು ಗಾಬರಿಯಾಗುತ್ತಾರೆ. ಶುಗರ್ ಇಷ್ಟೊಂದು ಇಳಿದುಹೋಯಿತಾ? ಇಲ್ಲ. ಎರಡೂ ಒಂದೇ ಅಳತೆ. ನಮ್ಮ ಲ್ಯಾಬ್ ರಕ್ತದಲ್ಲಿರುವ ಗ್ಲೂಕೋಸಿನ ತೂಕ ಹೇಳಿತು, ಅಲ್ಲಿನ ಲ್ಯಾಬ್ ಅದೇ ಗ್ಲೂಕೋಸಿನಲ್ಲಿ ಎಷ್ಟು ಅಣುಗಳಿವೆ ಅಂತ ಹೇಳಿತು. ತೂಕದಿಂದ ಎಣಿಕೆಗೆ ಹೋಗುವ ಈ ಲೆಕ್ಕವೇ ಮೋಲ್ ಲೆಕ್ಕ.

ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡ ಮಕ್ಕಳಿಗೆ ಕೆಮಿಸ್ಟ್ರಿಯ ಮೊದಲ ಪಾಠದಲ್ಲೇ ಇದು ಎದುರಾಗುತ್ತದೆ. ಅಲ್ಲಿ ತುಂಬಾ ಮಕ್ಕಳು ಸೂತ್ರ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ, ಆಮೇಲೆ ಎಲ್ಲಿ ಗುಣಿಸಬೇಕು ಎಲ್ಲಿ ಭಾಗಿಸಬೇಕು ಅಂತ ಗೊತ್ತಾಗದೆ ಇಡೀ ಕೆಮಿಸ್ಟ್ರಿಯೇ ಕಷ್ಟ ಅನ್ನಿಸಿಬಿಡುತ್ತದೆ. ಅದು ನನಗೆ ಬಹಳ ಬೇಜಾರಿನ ಸಂಗತಿ. ಯಾಕಂದರೆ ಇದರಲ್ಲಿ ಬೇಕಾಗಿರುವುದು ಗುಣಾಕಾರ, ಭಾಗಾಕಾರ ಎರಡೇ. ಅದರ ಹಿಂದಿನ ವಿಚಾರ ಒಂದು ಸಲ ಮನಸ್ಸಿಗೆ ಇಳಿದರೆ ಸೂತ್ರ ನೆನಪಿಡುವ ಅಗತ್ಯವೇ ಇರುವುದಿಲ್ಲ.

ಶುರು ಮಾಡುವ ಮುಂಚೆ ಒಂದು ಮಾತು. ವಿಜ್ಞಾನದ ಪುಸ್ತಕದಲ್ಲಿ ತೂಕ ಬೇರೆ, ದ್ರವ್ಯರಾಶಿ ಬೇರೆ. ಇಲ್ಲಿ ನಾನು ಅಂಗಡಿಯಲ್ಲಿ ಹೇಳುವ ಹಾಗೆ ಗ್ರಾಂ ಲೆಕ್ಕವನ್ನೆಲ್ಲ ತೂಕ ಅಂತಲೇ ಬರೆಯುತ್ತೇನೆ.

## ನಮಗೆ ಸಿಗುವುದು ತೂಕ, ಬೇಕಾಗಿರುವುದು ಎಣಿಕೆ

ಪರಮಾಣು ಅಂದರೆ ಒಂದು ಧಾತುವಿನ ಅತಿ ಸಣ್ಣ ಕಣ. ಕೆಲವು ಪರಮಾಣುಗಳು ಸೇರಿಕೊಂಡರೆ ಒಂದು ಅಣು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದರೆ ನೀರಿನ ಒಂದು ಅಣು. ಇಲ್ಲಿ "ಎರಡು", "ಒಂದು" ಅನ್ನುವುದನ್ನು ಗಮನಿಸಿ. ಇವು ಗ್ರಾಂ ಅಲ್ಲ, ಎಣಿಕೆ. ಯಾವ ರಾಸಾಯನಿಕ ಕ್ರಿಯೆಯಾದರೂ ನಡೆಯುವುದು ಹೀಗೆ ಎಣಿಕೆಯ ಮೇಲೆ. ಆದರೆ ಅಣುವನ್ನು ಕೈಯಲ್ಲಿ ಹಿಡಿದು ಒಂದು, ಎರಡು ಅಂತ ಎಣಿಸಲು ಆಗುವುದಿಲ್ಲ. ಲ್ಯಾಬಿನಲ್ಲಿ ಇರುವುದು ತಕ್ಕಡಿ. ಅದಕ್ಕೆ ಗೊತ್ತಿರುವುದು ಗ್ರಾಂ ಮಾತ್ರ.

ಹಾರ್ಡ್‌ವೇರ್ ಅಂಗಡಿಯಲ್ಲೂ ಇದೇ ಕಷ್ಟ ಇದೆ, ಪರಿಹಾರವೂ ಅಲ್ಲೇ ಇದೆ. ಒಂದು ಬೋಲ್ಟಿನ ತೂಕ 20 ಗ್ರಾಂ, ಒಂದು ನಟ್ಟಿನ ತೂಕ 5 ಗ್ರಾಂ ಅಂತ ಇಟ್ಟುಕೊಳ್ಳಿ. ನಿಮಗೆ ಸಾವಿರ ಬೋಲ್ಟು, ಸಾವಿರ ನಟ್ಟು ಬೇಕು. ಯಾರೂ ಕೂತು ಎಣಿಸುವುದಿಲ್ಲ, ಅಲ್ವಾ? 20 ಕೆಜಿ ಬೋಲ್ಟು, 5 ಕೆಜಿ ನಟ್ಟು ತೂಗಿ ಕೊಡುತ್ತಾರೆ. ಸಾವಿರದ ಒಂದೊಂದು ಬಾಕ್ಸ್ ಸಿದ್ಧ. ತೂಕ ಬೇರೆ ಬೇರೆ, ಒಳಗಿರುವ ಸಂಖ್ಯೆ ಒಂದೇ. ಒಂದು ಬೋಲ್ಟಿಗೆ ಎರಡು ನಟ್ಟು ಬೇಕು ಅಂದರೆ ನಟ್ಟಿನ ಇನ್ನೊಂದು ಬಾಕ್ಸ್ ತೆಗೆದುಕೊಂಡರಾಯಿತು.

ಮೋಲ್ ಅಂದರೆ ಅಂಥದೇ ಒಂದು ಬಾಕ್ಸ್. ಅದರಲ್ಲಿ ಸಾವಿರದ ಬದಲು ಬಹಳ ದೊಡ್ಡದೊಂದು ಸಂಖ್ಯೆ ಇದೆ, ಅಷ್ಟೇ ವ್ಯತ್ಯಾಸ.

## 602 ಕೋಟಿ ಕೋಟಿ ಕೋಟಿ

ಆ ಸಂಖ್ಯೆ 6.02214076 × 10²³. ಲೆಕ್ಕ ಮಾಡುವಾಗ 6.022 × 10²³ ಅಂತ ಬರೆದರೆ ಸಾಕು. ಇದಕ್ಕೆ ಅವೊಗಾಡ್ರೋ ಸಂಖ್ಯೆ ಅನ್ನುತ್ತಾರೆ. 10²³ ಅಂದರೆ ಒಂದರ ಮುಂದೆ 23 ಸೊನ್ನೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ, ಒಂದು ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ ಕೋಟಿಯಿಂದ ಗುಣಿಸಿದರೆ 10²¹ ಆಗುತ್ತದೆ. ಅಂಥ ಸುಮಾರು 602 ಸೇರಿದರೆ ಒಂದು ಮೋಲ್.

ಇಷ್ಟು ದೊಡ್ಡ ಸಂಖ್ಯೆ ಯಾಕೆ ಬೇಕಾಯಿತು? ಅಣುಗಳು ಅಷ್ಟು ಚಿಕ್ಕವು. ಇಷ್ಟೊಂದು ನೀರಿನ ಅಣುಗಳನ್ನು ಒಟ್ಟು ಮಾಡಿದರೂ ಸಿಗುವುದು 18 ಗ್ರಾಂ ನೀರು, ಊಟದ ಚಮಚದಲ್ಲಿ ಒಂದು ಚಮಚಕ್ಕಿಂತ ಸ್ವಲ್ಪ ಜಾಸ್ತಿ. 180 ಮಿಲಿಲೀಟರ್ ಹಿಡಿಯುವ ಲೋಟದ ತುಂಬ ನೀರು ಕುಡಿದರೆ ನೀವು ಕುಡಿದದ್ದು 10 ಮೋಲ್.

## ಒಂದು ಮೋಲ್ ಎಷ್ಟು ಗ್ರಾಂ?

ಇಲ್ಲಿಯೇ ಇಡೀ ಲೆಕ್ಕದ ಜೀವ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಪೀರಿಯಾಡಿಕ್ ಟೇಬಲ್‌ನಲ್ಲಿ ಪ್ರತಿ ಧಾತುವಿನ ಮನೆಯಲ್ಲಿ ಒಂದು ದಶಮಾಂಶ ಸಂಖ್ಯೆ ಇರುತ್ತದೆ. ಹೈಡ್ರೋಜನ್‌ಗೆ 1.008, ಕಾರ್ಬನ್‌ಗೆ 12.011, ನೈಟ್ರೋಜನ್‌ಗೆ 14.007, ಆಕ್ಸಿಜನ್‌ಗೆ 15.999. ಇದು ಪರಮಾಣುವಿನ ತೂಕವನ್ನು ಒಂದು ಅತಿ ಸಣ್ಣ ಅಳತೆಯಲ್ಲಿ ಹೇಳುತ್ತದೆ. ಕಾರ್ಬನ್-12 ಎಂಬ ಒಂದು ಬಗೆಯ ಕಾರ್ಬನ್ ಪರಮಾಣುವಿನ ತೂಕವನ್ನು ಸರಿಯಾಗಿ 12 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಕೊಟ್ಟ ಸಂಖ್ಯೆಗಳಿವು. ಅಂದರೆ ಒಂದು ಆಕ್ಸಿಜನ್ ಪರಮಾಣು ಒಂದು ಹೈಡ್ರೋಜನ್ ಪರಮಾಣುವಿಗಿಂತ ಸುಮಾರು 16 ಪಟ್ಟು ಭಾರ.

ಮೋಲ್ ಎಂಬ ಬಾಕ್ಸಿನ ಗಾತ್ರವನ್ನು ಬೇಕೆಂದೇ ಹೀಗೆ ಆರಿಸಿದ್ದಾರೆ: ಆ ಸಣ್ಣ ಅಳತೆಯಲ್ಲಿ ಒಂದು ಕಣದ ತೂಕ ಎಷ್ಟೋ, ಒಂದು ಮೋಲ್ ಕಣಗಳ ತೂಕ ಅಷ್ಟೇ ಗ್ರಾಂ ಆಗಬೇಕು. ಆದ್ದರಿಂದಲೇ 6.022 × 10²³ ಅನ್ನುವ ವಿಚಿತ್ರ ಸಂಖ್ಯೆ ಬಂತು. ಸುಮ್ನೆ ಯಾರೋ ಕೂತು ಹುಟ್ಟಿಸಿದ್ದಲ್ಲ. ಹೀಗಾಗಿ ಒಂದೇ ಟೇಬಲ್ ಎರಡು ಕೆಲಸ ಮಾಡುತ್ತದೆ. ಒಂದು ಕಾರ್ಬನ್ ಪರಮಾಣುವಿನ ತೂಕವೂ ಅಲ್ಲೇ ಇದೆ, ಒಂದು ಮೋಲ್ ಕಾರ್ಬನ್ ಎಷ್ಟು ಗ್ರಾಂ ಅನ್ನುವುದೂ ಅಲ್ಲೇ ಇದೆ.

ಒಂದು ಮೋಲ್‌ನ ಈ ತೂಕಕ್ಕೆ ಮೋಲಾರ್ ರಾಶಿ ಅನ್ನುತ್ತಾರೆ. ಅಣುವಾದರೆ ಅದರಲ್ಲಿರುವ ಪರಮಾಣುಗಳನ್ನೆಲ್ಲ ಕೂಡಿಸಿದರಾಯಿತು. ನೀರಿಗೆ 1 + 1 + 16, ಒಟ್ಟು 18 ಗ್ರಾಂ. ಕಾರ್ಬನ್ ಡೈಆಕ್ಸೈಡ್‌ಗೆ 12 + 16 + 16, ಅಂದರೆ 44 ಗ್ರಾಂ. ಗ್ಲೂಕೋಸಿನ ಅಣುವಿನಲ್ಲಿ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್ ಇವೆ. 72 + 12 + 96, ಒಟ್ಟು 180 ಗ್ರಾಂ.

ಕ್ಲೋರಿನ್‌ಗೆ 35.5 ಅಂತ ಅರ್ಧ ಯಾಕೆ ಬರುತ್ತದೆ ಅಂತ ಮಕ್ಕಳು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ಪ್ರಕೃತಿಯಲ್ಲಿ ಕ್ಲೋರಿನ್ ಪರಮಾಣುಗಳು ಎರಡು ತೂಕದಲ್ಲಿ ಸಿಗುತ್ತವೆ. ಸುಮಾರು ಮುಕ್ಕಾಲು ಭಾಗ 35, ಉಳಿದ ಕಾಲು ಭಾಗ 37. ಟೇಬಲ್‌ನಲ್ಲಿರುವುದು ಅವುಗಳ ಸರಾಸರಿ. ಯಾವ ಒಂದು ಕ್ಲೋರಿನ್ ಪರಮಾಣುವೂ 35.5 ತೂಗುವುದಿಲ್ಲ.

## ಒಂದು ಮಾತ್ರೆಯಲ್ಲಿ ಎಷ್ಟು ಅಣು?

ಜ್ವರಕ್ಕೆ ತೆಗೆದುಕೊಳ್ಳುವ 650ರ ಪ್ಯಾರಸಿಟಮಾಲ್ ಮಾತ್ರೆಯನ್ನೇ ನೋಡೋಣ. 650 ಅಂದರೆ ಅದರಲ್ಲಿರುವ ಔಷಧಿ 650 ಮಿಲಿಗ್ರಾಂ. ಮಾತ್ರೆಯ ಪೂರ್ತಿ ತೂಕ ಇದಕ್ಕಿಂತ ಜಾಸ್ತಿ, ಯಾಕಂದರೆ ಔಷಧಿಯ ಜೊತೆಗೆ ಮಾತ್ರೆ ಗಟ್ಟಿಯಾಗಿ ನಿಲ್ಲಲು ಬೇರೆ ಪದಾರ್ಥಗಳೂ ಇರುತ್ತವೆ. ನಮಗೆ ಬೇಕಾಗಿರುವುದು ಔಷಧಿಯ ಅಣುಗಳು.

ಮೊದಲು ಮೋಲಾರ್ ರಾಶಿ. ಪ್ಯಾರಸಿಟಮಾಲ್ ಅಣುವಿನಲ್ಲಿ 8 ಕಾರ್ಬನ್, 9 ಹೈಡ್ರೋಜನ್, 1 ನೈಟ್ರೋಜನ್, 2 ಆಕ್ಸಿಜನ್. 96 + 9 + 14 + 32 ಕೂಡಿಸಿದರೆ 151. ಅಂದರೆ ಒಂದು ಬಾಕ್ಸಿನ ತೂಕ 151 ಗ್ರಾಂ. ನಮ್ಮ ಹತ್ತಿರ ಇರುವುದು 0.65 ಗ್ರಾಂ. ಎಷ್ಟು ಬಾಕ್ಸ್ ಆಯಿತು? ಒಟ್ಟು ತೂಕವನ್ನು ಒಂದು ಬಾಕ್ಸಿನ ತೂಕದಿಂದ ಭಾಗಿಸಬೇಕು.

0.65 ÷ 151 = 0.0043 ಮೋಲ್

ಪ್ರತಿ ಬಾಕ್ಸಿನಲ್ಲಿ 6.022 × 10²³ ಅಣುಗಳಿವೆ, ಹಾಗಾಗಿ ಈಗ ಗುಣಿಸಬೇಕು.

0.0043 × 6.022 × 10²³ = 2.59 × 10²¹ ಅಣುಗಳು

ಒಂದೇ ಒಂದು ಮಾತ್ರೆಯಲ್ಲಿ ಎರಡೂವರೆ ಕೋಟಿ ಕೋಟಿ ಕೋಟಿಗಿಂತ ಹೆಚ್ಚು ಅಣುಗಳು.

ವಾಪಸ್ ಬರುವುದೂ ಅದೇ ದಾರಿಯಲ್ಲಿ. 3.011 × 10²⁴ ನೀರಿನ ಅಣುಗಳಿವೆ, ತೂಕ ಎಷ್ಟು ಅಂತ ಕೇಳಿದರೆ ಮೊದಲು 6.022 × 10²³ರಿಂದ ಭಾಗಿಸಿ, 5 ಮೋಲ್ ಬರುತ್ತದೆ. ಒಂದು ಮೋಲ್ ನೀರು 18 ಗ್ರಾಂ, ಐದಕ್ಕೆ 90 ಗ್ರಾಂ. ಅಣುವಿನಿಂದ ಗ್ರಾಂಗೆ, ಗ್ರಾಂನಿಂದ ಅಣುವಿಗೆ ನೇರವಾಗಿ ಹಾರಲು ಹೋಗಬೇಡಿ. ಮಧ್ಯದಲ್ಲಿ ಒಂದು ಸಲ ಮೋಲ್‌ಗೆ ಬಂದು, "ಈಗ ನನ್ನ ಹತ್ತಿರ ಎಷ್ಟು ಬಾಕ್ಸ್ ಇದೆ" ಅಂತ ಕೇಳಿಕೊಂಡು ಮುಂದೆ ಹೋದರೆ ಗುಣಿಸಬೇಕಾ ಭಾಗಿಸಬೇಕಾ ಅನ್ನುವ ಗೊಂದಲ ತಾನಾಗಿ ಹೋಗುತ್ತದೆ.

ಒಂದೇ ಒಂದು ಅಣುವಿನ ತೂಕ ಬೇಕು ಅಂದರೂ ಸರಿ. 18 ಗ್ರಾಮನ್ನು 6.022 × 10²³ರಿಂದ ಭಾಗಿಸಿದರೆ 2.99 × 10⁻²³ ಗ್ರಾಂ. ಇಂಥದ್ದನ್ನು ತೂಗುವ ತಕ್ಕಡಿ ಯಾವ ಕಾಲೇಜಿನಲ್ಲೂ ಇಲ್ಲ, ಆದರೂ ಉತ್ತರ ನಮ್ಮ ಕೈಯಲ್ಲಿದೆ.

## 126 ಹೇಗೆ 7 ಆಯಿತು

ಈಗ ಆ ಶುಗರ್ ರಿಪೋರ್ಟಿಗೆ ಬರೋಣ. ಭಾರತದ ಲ್ಯಾಬುಗಳು ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆ ಅಂತ ಬರೆಯುತ್ತವೆ. ಅಮೆರಿಕದಲ್ಲೂ ಹಾಗೇ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದಲ್ಲಿ ಒಂದು ಲೀಟರಿನಲ್ಲಿ ಎಷ್ಟು ಮಿಲಿಮೋಲ್ ಅಂತ ಬರೆಯುತ್ತಾರೆ. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಭಾಗ, ಮಿಲಿಮೋಲ್ ಅಂದರೆ ಮೋಲ್‌ನ ಸಾವಿರದ ಒಂದು ಭಾಗ.

ಡೆಸಿಲೀಟರಿಗೆ 126 ಮಿಲಿಗ್ರಾಂ ಅಂದರೆ ಲೀಟರಿಗೆ 1260 ಮಿಲಿಗ್ರಾಂ, ಅಂದರೆ 1.26 ಗ್ರಾಂ. ಗ್ಲೂಕೋಸಿನ ಒಂದು ಮೋಲ್ 180 ಗ್ರಾಂ. 1.26 ÷ 180 = 0.007 ಮೋಲ್. ಅದೇ 7 ಮಿಲಿಮೋಲ್. ಖಾಲಿ ಹೊಟ್ಟೆಯಲ್ಲಿ ಇಷ್ಟು ಅಥವಾ ಇದಕ್ಕಿಂತ ಮೇಲೆ ಇದ್ದರೆ ಡಯಾಬಿಟಿಸ್ ಅಂತ ಡಾಕ್ಟರುಗಳು ಗುರುತಿಸುವ ಗಡಿಯೂ ಇದೇ, 126 ಅಥವಾ 7.0. ಸುಲಭದ ದಾರಿ ಬೇಕಾದರೆ ಅಲ್ಲಿನ ಸಂಖ್ಯೆಯನ್ನು 18ರಿಂದ ಗುಣಿಸಿ, ಇಲ್ಲಿನ ಸಂಖ್ಯೆ ಬರುತ್ತದೆ.

ಆದರೆ ಈ 18 ಗ್ಲೂಕೋಸಿಗೆ ಮಾತ್ರ. ಕೊಲೆಸ್ಟ್ರಾಲಿಗೆ ಹಾಕಿದರೆ ಉತ್ತರ ಪೂರ್ತಿ ತಪ್ಪು. ಕೊಲೆಸ್ಟ್ರಾಲ್ ಅಣು ಭಾರ, ಅದರ ಒಂದು ಮೋಲ್ ಸುಮಾರು 387 ಗ್ರಾಂ. ಹಾಗಾಗಿ ಅಲ್ಲಿ 38.7ರಿಂದ ಗುಣಿಸಬೇಕು. ನಮ್ಮ ರಿಪೋರ್ಟಿನ 200, ಲಂಡನ್ನಿನಲ್ಲಿ ಸುಮಾರು 5.2. ಅದಕ್ಕೇ ಹೇಳುವುದು, ರಿಪೋರ್ಟ್ ಕೈಗೆ ಬಂದಾಗ ಸಂಖ್ಯೆಯ ಪಕ್ಕದಲ್ಲಿರುವ ಯೂನಿಟ್ ಮೊದಲು ಓದಿ. ಮನೆಯಲ್ಲಿ ಬಳಸುವ ಶುಗರ್ ಮೀಟರನ್ನು ವಿದೇಶದಿಂದ ತಂದಿದ್ದರೆ ಇದು ಇನ್ನೂ ಮುಖ್ಯ.

## ಈ ಸಂಖ್ಯೆ ಸಿಕ್ಕಿದ್ದು ಹೇಗೆ?

ಕಣ್ಣಿಗೇ ಕಾಣದ ಅಣುಗಳನ್ನು ಎಣಿಸಿದವರು ಯಾರು? ಹೆಸರು ಅವೊಗಾಡ್ರೋದು, ಆದರೆ ಎಣಿಸಿದ್ದು ಅವರಲ್ಲ. ಇಟಲಿಯ ಅಮೆಡಿಯೋ ಅವೊಗಾಡ್ರೋ 1811ರಲ್ಲಿ ಹೇಳಿದ್ದು ಇಷ್ಟು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಯಾವ ಅನಿಲ ತೆಗೆದುಕೊಂಡರೂ ಅದರಲ್ಲಿ ಅಣುಗಳ ಸಂಖ್ಯೆ ಒಂದೇ. ಆ ಸಂಖ್ಯೆ ಎಷ್ಟು ಅಂತ ಅವರಿಗೆ ಗೊತ್ತಿರಲಿಲ್ಲ. ಅವರ ಮಾತನ್ನು ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲೂ ಇಲ್ಲ. ಅವರು ತೀರಿಕೊಂಡ ನಾಲ್ಕು ವರ್ಷದ ಮೇಲೆ, 1860ರಲ್ಲಿ, ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನಡೆದ ರಸಾಯನ ವಿಜ್ಞಾನಿಗಳ ಸಮ್ಮೇಳನದಲ್ಲಿ ಇಟಲಿಯವರೇ ಆದ ಕಾನಿತ್ಸಾರೋ ಅದನ್ನು ಎತ್ತಿ ಹಿಡಿದ ಮೇಲೆ ಅದಕ್ಕೆ ಬೆಲೆ ಬಂತು.

1865ರಲ್ಲಿ ಆಸ್ಟ್ರಿಯಾದ ಲೋಶ್ಮಿಟ್ ಗಾಳಿಯ ಅಣುಗಳ ಗಾತ್ರದ ಅಂದಾಜು ಮಾಡಿದರು. ಅಲ್ಲಿಂದ ಎಣಿಕೆಯ ಅಂದಾಜಿಗೂ ದಾರಿಯಾಯಿತು. ನನಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಫ್ರಾನ್ಸಿನ ಜ್ಯಾಂ ಪೆರಾಂ ಅವರದ್ದು. ಮರದಿಂದ ಬರುವ ಒಂದು ಹಳದಿ ಅಂಟಿನ ತೀರಾ ಸಣ್ಣ ಕಣಗಳನ್ನು ಅವರು ನೀರಿನಲ್ಲಿ ತೇಲಿಬಿಟ್ಟು, ತಳದಲ್ಲಿ ಎಷ್ಟು ಕಣ, ಸ್ವಲ್ಪ ಮೇಲೆ ಎಷ್ಟು, ಇನ್ನೂ ಮೇಲೆ ಎಷ್ಟು ಅಂತ ಮೈಕ್ರೋಸ್ಕೋಪಿನಲ್ಲಿ ತಾಳ್ಮೆಯಿಂದ ಎಣಿಸಿದರು. ಮೇಲೆ ಹೋದಂತೆ ಕಣಗಳು ಕಡಿಮೆಯಾಗುವ ರೀತಿ, ಬೆಟ್ಟ ಹತ್ತಿದಂತೆ ಗಾಳಿ ತೆಳುವಾಗುವ ನಿಯಮವನ್ನೇ ಅನುಸರಿಸುತ್ತಿತ್ತು. ಕಣದ ತೂಕ ಗೊತ್ತಿತ್ತು, ಅದರಿಂದ ಅವೊಗಾಡ್ರೋ ಸಂಖ್ಯೆ ಹೊರಬಂತು. 1909ರಲ್ಲಿ ಆ ಸಂಖ್ಯೆಗೆ ಅವೊಗಾಡ್ರೋ ಹೆಸರಿಡಬೇಕು ಅಂದವರೂ ಪೆರಾಂ ಅವರೇ. 1926ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು.

ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಕಣಗಳಿಗೆ ಒಂದು ಮೋಲ್ ಅನ್ನುತ್ತಿದ್ದರು. 2019ರ ಮೇ 20ರಿಂದ ಅದು ಬದಲಾಯಿತು. ಸಿಲಿಕಾನ್-28ರ ಸುಮಾರು ಒಂದು ಕೆಜಿ ತೂಕದ, ತುಂಬಾ ನುಣುಪಾದ ಗೋಲಗಳನ್ನು ಮಾಡಿ, ಎಕ್ಸ್-ರೇಯಿಂದ ಪರಮಾಣುಗಳ ನಡುವಿನ ಅಂತರ ಅಳೆದು, ಗೋಲದಲ್ಲಿ ಎಷ್ಟು ಪರಮಾಣುಗಳಿವೆ ಅಂತ ಲೆಕ್ಕ ಹಾಕುವಷ್ಟು ನಿಖರತೆ ಅಷ್ಟು ಹೊತ್ತಿಗೆ ಬಂದಿತ್ತು. ಆದ್ದರಿಂದ ಈಗ ಸಂಖ್ಯೆಯನ್ನೇ ಖಾಯಂ ಮಾಡಿದ್ದಾರೆ. ನಿಮ್ಮ ಪರೀಕ್ಷೆಯ ಲೆಕ್ಕಕ್ಕೆ ಇದರಿಂದ ಯಾವ ವ್ಯತ್ಯಾಸವೂ ಇಲ್ಲ.

## ಎಡವುವ ಜಾಗಗಳು

"ಒಂದು ಮೋಲ್ ಆಕ್ಸಿಜನ್" ಅಂದರೆ ಯಾವುದು? ಗಾಳಿಯಲ್ಲಿ ಆಕ್ಸಿಜನ್ ಜೋಡಿಯಾಗಿ ಇರುತ್ತದೆ, ಒಂದು ಅಣುವಿನಲ್ಲಿ ಎರಡು ಪರಮಾಣು. 32 ಗ್ರಾಂ ಆಕ್ಸಿಜನ್ ಅಂದರೆ ಒಂದು ಮೋಲ್ ಅಣುಗಳು, ಆದರೆ ಎರಡು ಮೋಲ್ ಪರಮಾಣುಗಳು. ಪ್ರಶ್ನೆಯಲ್ಲಿ ಅಣು ಅಂತ ಇದೆಯಾ ಪರಮಾಣು ಅಂತ ಇದೆಯಾ ನೋಡದೆ ಉತ್ತರ ಬರೆದು ಅಂಕ ಕಳೆದುಕೊಳ್ಳುವವರು ತುಂಬಾ ಜನ. ಅಣುಗಳ ಸಂಖ್ಯೆ ಸಿಕ್ಕ ಮೇಲೆ, ಒಂದು ಅಣುವಿನಲ್ಲಿ ಎಷ್ಟು ಪರಮಾಣು ಅಂತ ನೋಡಿ ಇನ್ನೊಂದು ಸಲ ಗುಣಿಸಬೇಕು.

ಅಡುಗೆ ಉಪ್ಪಿನಲ್ಲಿ ಅಣುಗಳೇ ಇಲ್ಲ. ಸೋಡಿಯಂ, ಕ್ಲೋರಿನ್ ಅಯಾನುಗಳು (ಅಂದರೆ ವಿದ್ಯುದಾವೇಶ ಇರುವ ಕಣಗಳು) ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಕೊಂಡಿರುತ್ತವೆ. ಅಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಸೇರಿದ ಜೋಡಿಯನ್ನು ಒಂದು ಘಟಕ ಅಂತ ಎಣಿಸುತ್ತೇವೆ. 23 + 35.5, ಅಂದರೆ 58.5 ಗ್ರಾಂ ಉಪ್ಪಿನಲ್ಲಿ ಅಂಥ ಒಂದು ಮೋಲ್ ಜೋಡಿಗಳು.

ಇನ್ನು 22.4 ಲೀಟರ್. ಒಂದು ಮೋಲ್ ಅಂದರೆ 22.4 ಲೀಟರ್ ಅಂತ ಬಾಯಿಪಾಠ ಮಾಡಿ ಅದನ್ನು ನೀರಿಗೂ ಹಾಕುವವರಿದ್ದಾರೆ. ಅದು ಅನಿಲಗಳಿಗೆ ಮಾತ್ರ, ಅದೂ 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡ ಇದ್ದಾಗ. ಒತ್ತಡ 1 ಬಾರ್ ಅಂತ ಇಟ್ಟುಕೊಂಡರೆ ಅದು 22.7 ಆಗುತ್ತದೆ. ಹಳೆಯ ಪುಸ್ತಕದಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಇರುವುದು ಇದೇ ಕಾರಣಕ್ಕೆ. ಒಂದು ಮೋಲ್ ನೀರಿನ ಗಾತ್ರ ಬರೀ 18 ಮಿಲಿಲೀಟರ್.

ಉತ್ತರ ಬಂದ ಮೇಲೆ ಒಮ್ಮೆ ದಿಟ್ಟಿಸಿ ನೋಡಿ. ಅಣುಗಳ ಸಂಖ್ಯೆ 10⁻²² ಅಂತ ಬಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ ಅಂತ ಅರ್ಥ. ಅರ್ಧ ಅಣು, ಕಾಲು ಅಣು ಇರುವುದಿಲ್ಲ.

## ಸಮ ತೂಕ ಹಾಕಿದರೆ ಏನಾಗುತ್ತದೆ?

10 ಗ್ರಾಂ ಹೈಡ್ರೋಜನ್, 10 ಗ್ರಾಂ ಆಕ್ಸಿಜನ್ ಸೇರಿಸಿದರೆ 20 ಗ್ರಾಂ ನೀರು ಬರಬೇಕಲ್ಲ? ಬರುವುದಿಲ್ಲ. ಬಾಕ್ಸ್ ಲೆಕ್ಕ ಹಾಕಿ. ಹೈಡ್ರೋಜನ್ ಅಣುವಿನ ಮೋಲ್ 2 ಗ್ರಾಂ, ಹಾಗಾಗಿ 5 ಮೋಲ್ ಇದೆ. ಆಕ್ಸಿಜನ್ 32 ಗ್ರಾಂ, ಹಾಗಾಗಿ 0.3125 ಮೋಲ್ ಮಾತ್ರ. ಒಂದು ಆಕ್ಸಿಜನ್ ಅಣುವಿಗೆ ಎರಡು ಹೈಡ್ರೋಜನ್ ಅಣು ಬೇಕು, ಎರಡು ನೀರಿನ ಅಣು ಬರುತ್ತದೆ. ಅಂದರೆ 0.625 ಮೋಲ್ ನೀರು, 11.25 ಗ್ರಾಂ. ಆಕ್ಸಿಜನ್ ಪೂರ್ತಿ ಖಾಲಿ. ಹೈಡ್ರೋಜನ್‌ನಲ್ಲಿ 1.25 ಗ್ರಾಂ ಮಾತ್ರ ಖರ್ಚಾಗಿ 8.75 ಗ್ರಾಂ ಹಾಗೇ ಉಳಿಯುತ್ತದೆ. 11.25 ಮತ್ತು 8.75 ಕೂಡಿಸಿ, 20 ಸರಿಯಾಯಿತು. ಮೊದಲು ಮುಗಿದುಹೋಗಿ ಕ್ರಿಯೆಯನ್ನು ನಿಲ್ಲಿಸುವ ಪದಾರ್ಥಕ್ಕೆ ಪಠ್ಯಪುಸ್ತಕ ದೊಡ್ಡ ಹೆಸರು ಕೊಡುತ್ತದೆ, ವಿಷಯ ಇಷ್ಟೇ.

## 14.2 ಕೆಜಿ ಸಿಲಿಂಡರಿನಿಂದ 43 ಕೆಜಿ

ಮನೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಎಲ್‌ಪಿಜಿ ಇರುತ್ತದೆ. ಅದು ಮುಖ್ಯವಾಗಿ ಬ್ಯುಟೇನ್, ಪ್ರೊಪೇನ್ ಮಿಶ್ರಣ. ಲೆಕ್ಕಕ್ಕೆ ಪೂರ್ತಿ ಬ್ಯುಟೇನ್ ಅಂತಲೇ ಇಟ್ಟುಕೊಳ್ಳೋಣ. ಅದರ ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್, ಮೋಲಾರ್ ರಾಶಿ 58 ಗ್ರಾಂ. 14,200 ÷ 58, ಸುಮಾರು 245 ಮೋಲ್. ಒಂದೊಂದು ಬ್ಯುಟೇನ್ ಅಣು ಉರಿದಾಗ ನಾಲ್ಕು ಕಾರ್ಬನ್‌ನಿಂದ ನಾಲ್ಕು ಕಾರ್ಬನ್ ಡೈಆಕ್ಸೈಡ್ ಅಣು ಬರುತ್ತದೆ. ಸುಮಾರು 980 ಮೋಲ್, ಪ್ರತಿಯೊಂದಕ್ಕೂ 44 ಗ್ರಾಂ. ಒಟ್ಟು ಹತ್ತತ್ತಿರ 43 ಕೆಜಿ. ಪೂರ್ತಿ ಪ್ರೊಪೇನ್ ಅಂತ ಲೆಕ್ಕ ಹಾಕಿದರೂ 42.6 ಕೆಜಿ ಬರುತ್ತದೆ, ಹಾಗಾಗಿ ಮಿಶ್ರಣ ಹೇಗೇ ಇದ್ದರೂ ಉತ್ತರ ಇದೇ ಸುತ್ತಮುತ್ತ.

ಸಿಲಿಂಡರಿನಲ್ಲಿ ಇದ್ದದ್ದೇ 14 ಕೆಜಿ, 43 ಕೆಜಿ ಎಲ್ಲಿಂದ ಬಂತು? ಇದರ ಜೊತೆಗೆ ಸುಮಾರು 22 ಕೆಜಿ ನೀರಿನ ಆವಿಯೂ ಬರುತ್ತದೆ, ಅದನ್ನೂ ಸೇರಿಸಿದರೆ ಒಟ್ಟು 65 ಕೆಜಿ. ಉಳಿದ 51 ಕೆಜಿ ಬಂದದ್ದು ಗಾಳಿಯಿಂದ, ಆಕ್ಸಿಜನ್ ರೂಪದಲ್ಲಿ. ಪ್ರತಿ ಬ್ಯುಟೇನ್ ಅಣುವಿಗೆ ಆರೂವರೆ ಆಕ್ಸಿಜನ್ ಅಣು ಬೇಕಾಗುತ್ತದೆ, ಅಂದರೆ ಎರಡಕ್ಕೆ ಹದಿಮೂರು. ಗಾಳಿಯ ತೂಕದಲ್ಲಿ ಆಕ್ಸಿಜನ್ ಸುಮಾರು ಶೇ. 23 ಮಾತ್ರ, ಆದ್ದರಿಂದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಅಡುಗೆಮನೆಯ ಒಲೆ ಸುಮಾರು 220 ಕೆಜಿ ಗಾಳಿಯ ಆಕ್ಸಿಜನ್ ಬಳಸಿರುತ್ತದೆ. ಕಿಟಕಿ ಮುಚ್ಚಿ ಗಾಳಿ ಸಾಲದೆ ಹೋದರೆ ಆಕ್ಸಿಜನ್ ಮೊದಲು ಕಡಿಮೆ ಬೀಳುತ್ತದೆ, ಆಗ ಕಾರ್ಬನ್ ಪೂರ್ತಿ ಉರಿಯದೆ ಪಾತ್ರೆಯ ತಳದಲ್ಲಿ ಮಸಿ ಕಟ್ಟುತ್ತದೆ, ಜೊತೆಗೆ ಬಣ್ಣ ವಾಸನೆ ಇಲ್ಲದ, ವಿಷವಾದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ.